ಹೊಸ ಕಟ್ಟಡಗಳಿಗೆ ಬಿಗಿ ಇಂಧನ ನಿಯಮ: ನಗರ ಬೆನ್ನಿಗೆ ನಿಲ್ಲಬೇಕಾ?

ಮೇಲ್ಮಹಡಿ

ಹೊಸದಾಗಿ ಕಟ್ಟುವ ಕಟ್ಟಡಗಳು ಕಡಿಮೆ ಕರೆಂಟ್ ನುಂಗಬೇಕು, ಅದಕ್ಕೆ ನಿಯಮ ಇನ್ನೂ ಬಿಗಿಯಾಗಬೇಕು ಅಂತ ಈಗ ಎಷ್ಟೋ ನಗರಗಳ ಆಡಳಿತವೇ ಹೇಳುತ್ತಿದೆ. ನಾನು ಅದರ ಪರ. ಕಾರಣ ಯಾವುದೋ ವರದಿ ಅಲ್ಲ, ನಮ್ಮ ಮಲಗುವ ಕೋಣೆಯ ಗೋಡೆ.

ಮನೆ ಹೊಸದು. ಮೂರು ವರ್ಷ ಆಯ್ತು ಅಷ್ಟೆ. ಕೊನೆಯ ಮಹಡಿ, ಒಂದು ಗೋಡೆ ಪಶ್ಚಿಮಕ್ಕೆ. ಬೇಸಿಗೆಯಲ್ಲಿ ರಾತ್ರಿ 11 ಗಂಟೆಗೆ ಆ ಗೋಡೆ ಮೇಲೆ ಅಂಗೈ ಇಟ್ಟರೆ ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗಿರುತ್ತದೆ. ಸೂರ್ಯ ಮುಳುಗಿ ಎಷ್ಟೋ ಹೊತ್ತಾಗಿರುತ್ತದೆ, ಹೊರಗೆ ತಂಗಾಳಿ ಬೇರೆ. ಹಗಲೆಲ್ಲ ಗೋಡೆ ಕುಡಿದ ಬಿಸಿಲನ್ನು ರಾತ್ರಿಯಿಡೀ ಏಸಿ ಹಾಕಿ, ದುಡ್ಡು ಕೊಟ್ಟು ಆಚೆ ತಳ್ಳುತ್ತಿದ್ದೇನೆ.

ಕಟ್ಟಿದವರು ಯಾವ ನಿಯಮವನ್ನೂ ಮುರಿದಿಲ್ಲ. ನನ್ನ ತಕರಾರೇ ಅದು. ಮನೆ ಕಟ್ಟುವವರು ಬಿಲ್ ಕಟ್ಟುವುದಿಲ್ಲ. ಬಿಲ್ ಕಟ್ಟುವವರಿಗೆ ಗೋಡೆಯೊಳಗೆ ಏನಿದೆ, ಏನಿಲ್ಲ ಅಂತ ಕಾಣುವುದಿಲ್ಲ. ಈ ಇಬ್ಬರ ನಡುವೆ ನಗರ ಬರದಿದ್ದರೆ ಇನ್ಯಾರು ಬರಬೇಕು? ನೀವೇನಂತೀರಿ?

ಗಾರೆಕರಣೆ

ನಾನು ಕಟ್ಟಿಸುವ ಕಡೆಯವನು, 20 ವರ್ಷದಿಂದ. ಬೈಸಿಕೊಳ್ಳಲು ತಯಾರಾಗಿಯೇ ಬಂದಿದ್ದೇನೆ.

ನಿಯಮ ಬಿಗಿಯಾದರೆ ಚದರಡಿ ದರ ಏರುತ್ತದೆ. ಏರಿದ್ದನ್ನು ನಾನು ಕೈಯಿಂದ ಹಾಕುವುದಿಲ್ಲ, ಅದು ಕೊಳ್ಳುವವರ ತಲೆ ಮೇಲೇ ಹೋಗುತ್ತದೆ. ಮೊದಲ ಮನೆಗೆ ಒದ್ದಾಡುತ್ತಿರುವವರು ಇನ್ನೂ ಎರಡು ವರ್ಷ ಬಾಡಿಗೆಯಲ್ಲೇ ಇರುತ್ತಾರೆ. ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಇನ್ನೂ ದೊಡ್ಡ ತಲೆನೋವು ಬೇರೆ ಇದೆ. ಡ್ರಾಯಿಂಗ್‌ನಲ್ಲಿ ಎಲ್ಲ ಇರುತ್ತದೆ. ಸೈಟಿನಲ್ಲಿ ಏನು ಹಾಕಿದರು ಅಂತ ಬಂದು ನೋಡುವವರು ಯಾರು? ಯಾರೂ ನೋಡದ ನಿಯಮ ಇದ್ದರೆ ಪಾಲಿಸಿದವನು ಪೆದ್ದ, ಪಾಲಿಸದವನು ಅಗ್ಗಕ್ಕೆ ಮಾರಿ ಗೆಲ್ಲುತ್ತಾನೆ. ‘ನಾವು ಬೆಂಬಲಿಸುತ್ತೇವೆ’ ಅಂತ ಸಭೆಯಲ್ಲಿ ಕೈ ಎತ್ತುವುದು ಸುಲಭ. ಏಣಿ ಹತ್ತುವವರು ಬೇಕಲ್ಲ?

ನೆರಳುಗೆರೆ

ಗಾರೆಯವರೇ, ದರ ಏರುವುದು ನಿಜ. ಎಷ್ಟು ಏರುತ್ತದೆ ಅನ್ನುವುದು ನಿಯಮ ಏನು ಕೇಳುತ್ತದೆ ಅನ್ನುವುದರ ಮೇಲಿದೆ. ವಾಸ್ತುಶಿಲ್ಪಿಯಾಗಿ ಒಂದು ಲೆಕ್ಕ ಇಡುತ್ತೇನೆ.

15 ಸೆಂಟಿಮೀಟರ್ ದಪ್ಪದ ಬರೀ ಕಾಂಕ್ರೀಟ್ ತಾರಸಿ. ಅದರ ಯು-ಮೌಲ್ಯ ಸುಮಾರು 3.7. ಅಂದರೆ ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸ ಇದ್ದರೆ ಒಂದೊಂದು ಚದರ ಮೀಟರಿನಲ್ಲೂ 3.7 ವ್ಯಾಟ್ ಶಾಖ ದಾಟಿ ಬರುತ್ತದೆ. ಅದರ ಮೇಲೆ ಶಾಖ ತಡೆಯುವ ಒಳ್ಳೆಯ ಫೋಮ್ 5 ಸೆಂಟಿಮೀಟರ್ ಹಾಸಿ, ಹೆಚ್ಚುಕಡಿಮೆ 0.6ಕ್ಕೆ ಇಳಿಯುತ್ತದೆ. ಇನ್ನೊಂದು 5 ಹಾಸಿ, 0.32. ಮತ್ತೂ 5 ಹಾಸಿ, 0.22. ಮೊದಲ ಪದರ 3.1ರಷ್ಟು ಇಳಿಸಿತು, ಮೂರನೆಯದು ಬರೀ 0.1. ಫೋಮಿನ ದರ ಮಾತ್ರ ಮೂರಕ್ಕೂ ಒಂದೇ! ಹಾಗಾಗಿ ಬುದ್ಧಿವಂತ ನಿಯಮ ಮೊದಲ ಪದರವನ್ನು ಎಲ್ಲರ ಮೇಲೂ ಕಡ್ಡಾಯ ಮಾಡುತ್ತದೆ. ಮೂರನೆಯದು ಕೊರೆಯುವ ಚಳಿಯ ಊರುಗಳಿಗಿರಲಿ.

ಬಿಸಿಲಿನ ಊರುಗಳಿಗೆ ಇನ್ನೊಂದು ಮಾತು. ಕಿಟಕಿಗೆ ಒಳಗಿನಿಂದ ಪರದೆ ಹಾಕಿ ‘ಬಿಸಿಲು ತಡೆದೆ’ ಅಂದುಕೊಳ್ಳುತ್ತೇವೆ. ಗಾಜು ದಾಟಿ ಬಂದ ಬಿಸಿಲು ಪರದೆಯನ್ನು ಕಾಯಿಸುತ್ತದೆ, ಆ ಕಾವು ಬಹುಪಾಲು ಕೋಣೆಯೊಳಗೇ ಉಳಿಯುತ್ತದೆ. ತಡೆಯುವುದಾದರೆ ಗಾಜಿನ ಆಚೆಗೇ ತಡೆಯಬೇಕು. ಕಿಟಕಿ ಮೇಲಿನ ಸಜ್ಜಾ ಮಧ್ಯಾಹ್ನದ ಸೂರ್ಯನಿಗೆ ಸರಿ. ಪಶ್ಚಿಮದ ಸೂರ್ಯ ಕೆಳಗಿನಿಂದ ಓರೆಯಾಗಿ ನುಗ್ಗುತ್ತಾನೆ, ಅವನಿಗೆ ಸಜ್ಜಾ ಲೆಕ್ಕಕ್ಕೇ ಇಲ್ಲ. ಅಲ್ಲಿ ನಿಲುವಾದ ಪಟ್ಟಿಗಳೋ ಹೊರಗಿನ ಜಾಲರಿಯೋ ಬೇಕು. ಭಾರತದ ವಸತಿ ಕಟ್ಟಡಗಳ ಸಂಹಿತೆ 2018ರಲ್ಲಿ ಬಂದಾಗ ಇಂಥದ್ದನ್ನೆಲ್ಲ ಒಂದೇ ಅಂಕಿಗೆ ತಂದಿತು: ಬಿಸಿ ಪ್ರದೇಶಗಳಲ್ಲಿ ಗೋಡೆ, ಕಿಟಕಿಗಳ ಮೂಲಕ ಒಳಬರುವ ಶಾಖ ಸರಾಸರಿ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು. ಗೋಡೆ ದಪ್ಪ ಮಾಡುತ್ತೀರೋ, ನೆರಳು ಕೊಡುತ್ತೀರೋ, ಗಾಜು ಕಡಿಮೆ ಮಾಡುತ್ತೀರೋ, ಅದು ನಿಮ್ಮ ಇಷ್ಟ. ಇದು ನನಗೆ ಹಿಡಿಸಿತು. ನೆರಳಿಗೆ ಖರ್ಚು ಕಡಿಮೆ, ತಲೆ ಜಾಸ್ತಿ ಬೇಕು ಅಷ್ಟೆ.

ಗೋಡೆ, ತಾರಸಿ ಸರಿಯಿದ್ದರೆ ಏಸಿ ಚಿಕ್ಕದು ಸಾಕು. ಆ ಉಳಿತಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

ಅರ್ಧಲೆಕ್ಕ

ಎಲ್ಲರೂ ಹೌದು ಹೌದು ಅನ್ನುತ್ತಿರುವಾಗ ಒಂದು ಅಪಸ್ವರ ಎತ್ತಲಾ?

ಕ್ಯಾಲಿಫೋರ್ನಿಯಾ 1978ರಲ್ಲೇ ಕಟ್ಟಡಗಳಿಗೆ ಇಂಧನ ನಿಯಮ ತಂದಿತು. ಮನೆಗಳ ಇಂಧನ ಬಳಕೆ 80 ಶೇಕಡ ಇಳಿಯುತ್ತದೆ ಅಂತ ಆಗಿನ ಅಂದಾಜು. 2016ರಲ್ಲಿ ಅರಿಕ್ ಲೆವಿನ್‌ಸನ್ ಅನ್ನುವ ಅರ್ಥಶಾಸ್ತ್ರಜ್ಞರು ಹಳೆ ಮನೆ, ಹೊಸ ಮನೆಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದರು. ಮನೆಯ ಗಾತ್ರ, ಇರುವ ಜನ, ಹವಾಮಾನ ಎಲ್ಲ ಸರಿದೂಗಿಸಿ ನೋಡಿದರೆ, ನಿಯಮ ಬಂದ ಮೇಲೆ ಕಟ್ಟಿದ ಮನೆಗಳು ಹೇಳಿಕೊಳ್ಳುವಷ್ಟು ಕಡಿಮೆ ಕರೆಂಟ್ ಬಳಸುತ್ತಿರಲಿಲ್ಲ.

ಅಂದಾಜು ಮಾಡುವವರ ಕಂಪ್ಯೂಟರಿನಲ್ಲಿ ಮನೆಯೊಂದು ಇರುತ್ತದೆ. ನಿಜವಾದ ಮನೆ ಬೇರೆಯೇ ಇರುತ್ತದೆ. ನಗರ ಬೆಂಬಲ ಕೊಡುವ ಮೊದಲು ಇದನ್ನು ಕೇಳಬೇಕಲ್ವಾ?

ಬಾಡಿಗೆಮನೆ

ನಾನು ಬಾಡಿಗೆಗಿರುವವಳು. ಮೇಲ್ಮಹಡಿಯವರಾದರೂ ಮನಸ್ಸು ಮಾಡಿದರೆ ತಾರಸಿಗೆ ಬಿಳಿ ಬಣ್ಣ ಬಳಿಸಬಹುದು. ನಾನು ಒಂದು ಮೊಳೆ ಹೊಡೆಯಬೇಕಾದರೂ ಮಾಲೀಕರನ್ನು ಕೇಳಬೇಕು. ಮಾಲೀಕರಿಗೆ ಬಿಲ್ ಬರುವುದಿಲ್ಲ, ಹಾಗಾಗಿ ಬಿಸಿಯೂ ತಾಗುವುದಿಲ್ಲ. ನಿಯಮದಿಂದ ದರ ಏರುತ್ತದೆ ಅನ್ನುವವರು ಈಗ ಪ್ರತಿ ತಿಂಗಳು ನಾನು ಕಟ್ಟುತ್ತಿರುವುದನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೋ ಗೊತ್ತಿಲ್ಲ.

ಸೋರುವ_ಗಾಳಿ

ಅರ್ಧಲೆಕ್ಕದವರ ಮಾತಿನಲ್ಲಿ ಸತ್ಯ ಇದೆ. ಆದರೆ ಹ್ಯಾಂಡಲ್ ಹೆಸರಿನ ಹಾಗೆ ಅರ್ಧ ಮಾತ್ರ, ಬೇಜಾರು ಮಾಡ್ಕೋಬೇಡಿ. ಫ್ಲಾರಿಡಾದಲ್ಲಿ 2002ರಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಬಿಲ್‌ಗಳನ್ನೇ ಹಿಡಿದು ನೋಡಿದವರಿಗೆ ಕರೆಂಟಿನಲ್ಲಿ 4 ಶೇಕಡ, ಗ್ಯಾಸಿನಲ್ಲಿ 6 ಶೇಕಡ ಇಳಿಕೆ ಕಂಡಿತು. 80 ಅಲ್ಲ. ಸೊನ್ನೆಯೂ ಅಲ್ಲ.

ಮಾತುಕೊಟ್ಟದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಆ ಸಂದಿಯಲ್ಲೇ ನನ್ನ ಹೊಟ್ಟೆಪಾಡು. ಮನೆಗಳಲ್ಲಿ ಗಾಳಿ ಎಲ್ಲಿ ಸೋರುತ್ತದೆ ಅಂತ ಪರೀಕ್ಷೆ ಮಾಡುವುದು ನನ್ನ ಕೆಲಸ. ಒಂದು ಮನೆಯ ಕಥೆ ಹೇಳುತ್ತೇನೆ.

ಹೊಚ್ಚ ಹೊಸ ಮನೆ. ಮಾಲೀಕರ ಕೈಯಲ್ಲಿ ‘ಇಂಧನ ದಕ್ಷ ಕಟ್ಟಡ’ ಅಂತ ದಪ್ಪ ಕಾಗದದ ಪ್ರಮಾಣಪತ್ರ. ಮುಂಬಾಗಿಲಿನ ಚೌಕಟ್ಟಿಗೆ ದಪ್ಪ ಬಟ್ಟೆ ಬಿಗಿದು, ನಡುವೆ ಫ್ಯಾನ್ ಕೂರಿಸಿ, ಒಳಗಿನ ಗಾಳಿಯನ್ನು ಹೊರಗೆ ಎಳೆಯಲು ಶುರು ಮಾಡಿದೆ. ಒಳಗಿನ, ಹೊರಗಿನ ಗಾಳಿಯ ಒತ್ತಡದಲ್ಲಿ 50 ಪ್ಯಾಸ್ಕಲ್ ವ್ಯತ್ಯಾಸ ಬರುವ ತನಕ ಎಳೆಯುತ್ತೇವೆ. ಜಾಸ್ತಿ ಏನಲ್ಲ, 5 ಮಿಲಿಮೀಟರ್ ನೀರು ಒತ್ತುವಷ್ಟು. ಆಗ ಮನೆ ತನ್ನ ಗುಟ್ಟೆಲ್ಲ ಬಿಡುತ್ತದೆ. ಸ್ವಿಚ್‌ಬೋರ್ಡ್ ಪಕ್ಕ ಊದುಬತ್ತಿ ಹಿಡಿದೆ, ಹೊಗೆ ಬೆದರಿದ ಹಾಗೆ ಕೋಣೆ ಕಡೆ ಚಿಮ್ಮಿತು. ಸಿಂಕ್ ಕೆಳಗಿನ ಕಪಾಟು ತೆಗೆದರೆ ಪೈಪು ಗೋಡೆ ದಾಟುವ ಜಾಗದಲ್ಲಿ ಮುಷ್ಟಿ ಗಾತ್ರದ ತೂತು. ಕಿಟಕಿಗಳು ದುಬಾರಿ, ಎರಡು ಗಾಜಿನವು. ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿಗೆ ಫೋಮ್ ತುಂಬುವುದನ್ನೇ ಮರೆತು ಮೇಲೆ ಪಟ್ಟಿ ಹೊಡೆದಿದ್ದರು. ಪಟ್ಟಿಗೆ ಪಾಲಿಶ್ ಮಾತ್ರ ಅದ್ಭುತ!

ಕಾಗದದಲ್ಲಿದ್ದ ಅಂಕಿ, ಆ ಒತ್ತಡದಲ್ಲಿ ಮನೆಯ ಗಾಳಿಯೆಲ್ಲ ಗಂಟೆಗೆ 3 ಸಲ ಬದಲಾಗುತ್ತದೆ ಅಂತ. ನನ್ನ ಮೀಟರ್ ತೋರಿಸಿದ್ದು 9. ಎರಡು ದಿನ ತೂತು ಮುಚ್ಚಿದ ಮೇಲೆ 4ಕ್ಕೆ ಬಂತು. ಹೊಸ ಕಿಟಕಿ ಇಲ್ಲ, ಹೊಸ ಗೋಡೆ ಇಲ್ಲ. ಬರೀ ಸೀಲಂಟ್, ಫೋಮ್ ಮತ್ತು ಮೊಣಕಾಲೂರಿ ಕೂತು ಮಾಡುವ ಕೆಲಸ.

ಕಟ್ಟುನಿಟ್ಟಾಗಿ ಕಟ್ಟಿದರೆ ಎಲ್ಲಿಗೆ ಮುಟ್ಟಬಹುದು ಅಂತ ಗೊತ್ತಾಗಿ ಮೂವತ್ತು ವರ್ಷದ ಮೇಲಾಯಿತು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಸಾಲಾಗಿ ನಾಲ್ಕು ಮನೆ ಕಟ್ಟಿದರು. ಅಲ್ಲಿಂದ ಬೆಳೆದ ಪ್ಯಾಸಿವ್ ಹೌಸ್ ಮಾನದಂಡ, ಅಂದರೆ ತೀರಾ ಕಡಿಮೆ ಇಂಧನ ಸಾಕಾಗುವ ಮನೆಯ ಮಾನದಂಡ, ಕೇಳುವುದು ಗಂಟೆಗೆ 0.6 ಸಲ. ಚಳಿಗಾಲದ ಬಿಸಿಗೆ ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್. ಅಲ್ಲಿ ಪರೀಕ್ಷೆ ಮಾಡದೆ ಪ್ರಮಾಣಪತ್ರ ಸಿಗುವುದಿಲ್ಲ.

ಗಾರೆಕರಣೆ

ಆ ಸಿಂಕ್ ಕೆಳಗಿನ ತೂತು ಓದಿ ನಗು ಬಂತು. ನಮ್ಮ ಎಷ್ಟು ಮನೆಗಳಲ್ಲಿ ಇದೆಯೋ. ಪ್ಲಂಬರ್ ತೂತು ಕೊರೆದು ಹೋಗುತ್ತಾನೆ, ಮುಚ್ಚುವುದು ಗಾರೆಯವನ ಕೆಲಸ ಅನ್ನುತ್ತಾನೆ. ಗಾರೆಯವನು ಅಷ್ಟರಲ್ಲಿ ಬೇರೆ ಸೈಟಿಗೆ ಹೋಗಿರುತ್ತಾನೆ.

ಆದರೂ ಒಂದು ಭಯ ಇದೆ. ಮನೆಯನ್ನು ಡಬ್ಬಿ ಹಾಗೆ ಮುಚ್ಚಿ ಎಂದರೆ ತೇವ ಎಲ್ಲಿಗೆ ಹೋಗಬೇಕು? ಬೂಷ್ಟು ಹಿಡಿದರೆ ಫೋನ್ ಬರುವುದು ನನಗೆ. ಇನ್ನು ಇನ್ಸುಲೇಶನ್ ಅಂದರೆ ನನ್ನ ಕಣ್ಣಿಗೆ ಬರುವುದು ಲಂಡನ್ನಿನ ಗ್ರೆನ್‌ಫೆಲ್ ಟವರ್. 2017ರ ಜೂನ್ 14. ಹಳೇ ಕಟ್ಟಡಕ್ಕೆ ಹೊರಗಿನಿಂದ ಹೊದಿಸಿದ್ದ ಹಾಳೆಗಳಲ್ಲಿ ಪಾಲಿಥಿಲೀನ್ ತಿರುಳು, ಅದರ ಹಿಂದೆ ಉರಿಯುವ ಫೋಮ್. 72 ಜನ ಸತ್ತರು.

ಸೋರುವ_ಗಾಳಿ

ಎರಡೂ ಸರಿಯಾದ ಭಯವೇ. ಬಿಗಿ ಮಾಡಿದ ಮನೆಗೆ ಗಾಳಿಯ ದಾರಿಯನ್ನು ನಾವೇ ಮಾಡಿಕೊಡಬೇಕು. ಬಚ್ಚಲು, ಅಡುಗೆಮನೆಯಿಂದ ತೇವ ಎಳೆಯುವ ಫ್ಯಾನ್, ಕೋಣೆಗಳಿಗೆ ಹೊಸ ಗಾಳಿ ತರುವ ವ್ಯವಸ್ಥೆ. ಚಳಿ ದೇಶಗಳಲ್ಲಿ ಹೊರಹೋಗುವ ಗಾಳಿಯ ಬಿಸಿಯನ್ನೇ ಒಳಬರುವ ಗಾಳಿಗೆ ದಾಟಿಸುವ ಯಂತ್ರ ಇಡುತ್ತಾರೆ. ಸೋರುವ ಮನೆಯಲ್ಲೂ ಗಾಳಿ ಬರುತ್ತದೆ, ಆದರೆ ಬೇಕಾದಾಗ ಅಲ್ಲ, ಬೇಕಾದ ಕಡೆಯಿಂದಲೂ ಅಲ್ಲ. ಬೀಸಿದಾಗ ರಾಶಿ, ನಿಂತಾಗ ಇಲ್ಲ.

ಬೆಂಕಿ ವಿಷಯದಲ್ಲಿ ವಾದವೇ ಬೇಡ. ಇಂಧನ ನಿಯಮ ಬರೆಯುವವರೂ ಬೆಂಕಿ ನಿಯಮ ಬರೆಯುವವರೂ ಒಂದೇ ಮೇಜಿಗೆ ಕೂರಬೇಕು. ಎತ್ತರದ ಕಟ್ಟಡಕ್ಕೆ ಉರಿಯದ ಕಲ್ಲುನಾರಿನ ಹೊದಿಕೆ ಇದೆ. ಸ್ವಲ್ಪ ದಪ್ಪ, ಸ್ವಲ್ಪ ದುಬಾರಿ.

ಕಡತದ_ಧೂಳು

ಕಟ್ಟಡಗಳಿಗೆ ಅನುಮತಿ ಕೊಡುವ ಕಡೆ ಬಹಳ ವರ್ಷ ಕೂತಿದ್ದೆ, ಈಗ ನಿವೃತ್ತ. ಇಲ್ಲಿ ಎಲ್ಲರೂ ‘ನಗರ ಬೆಂಬಲಿಸಬೇಕು’ ಅನ್ನುತ್ತಿದ್ದೀರಿ. ಬೆಂಬಲ ಅಂದರೆ ನಿಜವಾಗಿ ಏನು? ಬಹಳ ಕಡೆ ನಿಯಮ ಬರೆಯುವ ಅಧಿಕಾರ ನಗರಕ್ಕೆ ಇರುವುದೇ ಇಲ್ಲ, ಮೇಲಿನವರ ಕೈಯಲ್ಲಿರುತ್ತದೆ. ಹಾಗಿದ್ದೂ ನಗರಗಳು ಏನೇನು ಮಾಡಿವೆ ನೋಡಿ.

ಅಮೆರಿಕದಲ್ಲಿ ಕಟ್ಟಡಗಳ ಮಾದರಿ ಇಂಧನ ಸಂಹಿತೆಯನ್ನು ಮೂರು ವರ್ಷಕ್ಕೊಮ್ಮೆ ತಿದ್ದುತ್ತಾರೆ. ರಾಜ್ಯಗಳು, ಊರುಗಳು ಅದನ್ನು ನೋಡಿಕೊಂಡು ತಮ್ಮ ನಿಯಮ ಮಾಡುತ್ತವೆ. ಕೊನೆಯ ಮತ ಹಾಕುವ ಹಕ್ಕು ಸ್ಥಳೀಯ ಆಡಳಿತದವರಿಗೂ ಇತ್ತು. ಹೆಚ್ಚಿನವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2019ರ ಕೊನೆಗೆ, 2021ರ ಆವೃತ್ತಿಯ ಸರದಿ ಬಂದಾಗ ನಗರಗಳವರು ದಂಡುಕಟ್ಟಿ ಬಂದು ಮತ ಹಾಕಿದರು. ಫಲಿತಾಂಶ, ಮನೆಗಳಲ್ಲಿ ಹಿಂದಿನ ಆವೃತ್ತಿಗಿಂತ 9 ಶೇಕಡಕ್ಕೂ ಜಾಸ್ತಿ ಉಳಿತಾಯ ಅಂತ ಅಲ್ಲಿನ ಇಂಧನ ಇಲಾಖೆಯ ಲೆಕ್ಕ. ಕಟ್ಟಡ ಉದ್ಯಮದವರು ಮೇಲ್ಮನವಿ ಹಾಕಿ ಕೆಲವು ಅಂಶ ತೆಗೆಸಿದರು. 2021ರ ಮಾರ್ಚಿನಲ್ಲಿ ಆ ಮತದಾನದ ಪದ್ಧತಿಯನ್ನೇ ಕೈಬಿಟ್ಟು ಕೆಲಸವನ್ನು ಸಮಿತಿಗೆ ವಹಿಸಲಾಯಿತು. ಕಡತದಲ್ಲಿ ಕೂತವನಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಜನ ಬರದಿದ್ದಾಗ ಬಾಗಿಲು ತೆಗೆದಿಟ್ಟಿರುತ್ತಾರೆ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ನಗರ ಬೇರೆ ದಾರಿ ಹಿಡಿಯಿತು. 2019ರಲ್ಲಿ ಹೊಸ ಕಟ್ಟಡಗಳಿಗೆ ಗ್ಯಾಸ್ ಕೊಳವೆಯೇ ಬೇಡ ಅಂತ ತೀರ್ಮಾನಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಉಪಕರಣಗಳ ಇಂಧನ ನಿಯಮ 1975ರ ಕೇಂದ್ರ ಕಾಯ್ದೆಗೆ ಸೇರಿದ್ದು, ನಗರ ಅದರಲ್ಲಿ ಕೈ ಹಾಕುವಂತಿಲ್ಲ ಅಂತ. ಉದ್ದೇಶ ಒಳ್ಳೆಯದಿದ್ದರೆ ಸಾಲದು, ಕಾಲಿಡುವ ಜಾಗ ಗಟ್ಟಿ ಇರಬೇಕು.

ನನಗೆ ಹಿಡಿಸಿದ್ದು ಬ್ರಸೆಲ್ಸ್. 2007ರಲ್ಲಿ ಮಾದರಿ ಕಟ್ಟಡಗಳಿಗೆ ಸ್ಪರ್ಧೆ ಇಟ್ಟು ಗೆದ್ದವರಿಗೆ ಸಹಾಯಧನ ಕೊಟ್ಟರು. ಆಮೇಲೆ ಸರ್ಕಾರಿ ಕಟ್ಟಡಗಳನ್ನು ಆ ಮಟ್ಟಕ್ಕೆ ತಂದರು. 2015ರಿಂದ ಹೊಸ ಮನೆ, ಕಚೇರಿ, ಶಾಲೆ ಎಲ್ಲವೂ ಪ್ಯಾಸಿವ್ ಮಟ್ಟದಲ್ಲೇ ಇರಬೇಕು ಅಂತ ನಿಯಮವಾಯಿತು. ನಿಯಮ ಕಡ್ಡಾಯವಾಗುವ ಹೊತ್ತಿಗೆ ಅಲ್ಲಿನ ಬಡಗಿ, ಪ್ಲಂಬರ್, ಎಂಜಿನಿಯರ್‌ಗಳಿಗೆ ಕೈ ಪಳಗಿತ್ತು.

ಗಾರೆಕರಣೆ

ಇದನ್ನು ಮೊದಲೇ ಹೇಳಬಾರದಿತ್ತಾ ಯಜಮಾನರೇ. ನಮ್ಮ ಮಂದಿಯ ಸಿಟ್ಟು ನಿಯಮದ ಮೇಲೆ ಕಡಿಮೆ, ‘ನಾಳೆಯಿಂದ’ ಅನ್ನುವುದರ ಮೇಲೆ ಜಾಸ್ತಿ. ಎಂಟು ವರ್ಷ ಮೊದಲೇ ಗೊತ್ತಿದ್ದರೆ ನಾನೂ ಹುಡುಗರಿಗೆ ಕಲಿಸುತ್ತೇನೆ.

ನೆರಳುಗೆರೆ

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2017ರಿಂದ ಇರುವುದು ಇದೇ. ಅದಕ್ಕೆ ಹೆಸರೇ ಮೆಟ್ಟಿಲು ಸಂಹಿತೆ. ಮನೆಗಳಿಗೆ ಐದು ಮೆಟ್ಟಿಲು. ಪ್ರಾಂತ್ಯ ಏಣಿ ಇಡುತ್ತದೆ, ಅದು ಹೇಳಿದ ಕನಿಷ್ಠಕ್ಕಿಂತ ಮೇಲೆ ಎಷ್ಟನೇ ಮೆಟ್ಟಿಲು ಹತ್ತಬೇಕು ಅಂತ ಆಯಾ ನಗರ ತೀರ್ಮಾನಿಸಬಹುದು. ಮುಂದಿನ ಮೆಟ್ಟಿಲು ಯಾವುದು ಅಂತ ಎಲ್ಲರಿಗೂ ಮೊದಲೇ ಕಾಣುತ್ತಿರುತ್ತದೆ. ಸೋರುವ ಗಾಳಿಯವರಿಗೆ ಖುಷಿ ಆಗುವ ಸುದ್ದಿ: ಕಟ್ಟಿದ ಮೇಲೆ ಗಾಳಿ ಸೋರಿಕೆ ಪರೀಕ್ಷೆ ಕಡ್ಡಾಯ.

ಅರ್ಧಲೆಕ್ಕ

ಸರಿ, ಅರ್ಧ ಹಿಂದೆ ತಗೊಂಡೆ. ಉಳಿದ ಅರ್ಧ ಇಲ್ಲಿದೆ. ಹೊಸ ಕಟ್ಟಡ ಅಂದರೆ ಊರಿನ ಒಂದು ಚೂರು. ಹಳೆಯವು ಹಾಗೇ ಕೂತಿವೆಯಲ್ಲ? ಅವುಗಳನ್ನು ಬಿಟ್ಟು ಹೊಸದರ ಹಿಂದೆ ಬಿದ್ದರೆ ಎಷ್ಟು ಸಿಕ್ಕೀತು?

ಕಡತದ_ಧೂಳು

ಹಳೆಯದನ್ನೂ ಹಿಡಿದವರಿದ್ದಾರೆ. ನ್ಯೂಯಾರ್ಕ್ 2019ರಲ್ಲಿ ಮಾಡಿದ ಕಾನೂನು 25,000 ಚದರಡಿಗಿಂತ ದೊಡ್ಡ ಕಟ್ಟಡಗಳ ಇಂಗಾಲದ ಹೊಗೆಗೆ ಮಿತಿ ಹಾಕಿತು, ಹಳೆಯದಿರಲಿ ಹೊಸದಿರಲಿ. ಮಿತಿ ಶುರುವಾಗಿದ್ದು 2024ಕ್ಕೆ, 2030ಕ್ಕೆ ಇನ್ನೂ ಬಿಗಿ. ಮೀರಿದರೆ ಟನ್ನಿಗೆ 268 ಡಾಲರ್ ದಂಡ. ಆ ಊರಿನ ಇಂಗಾಲದ ಹೊಗೆಯಲ್ಲಿ ಮೂರರಲ್ಲಿ ಎರಡು ಪಾಲು ಕಟ್ಟಡಗಳದ್ದೇ.

ಆದರೆ ಅದಕ್ಕಾಗಿ ಆ ಮಾಲೀಕರು ಪಡುತ್ತಿರುವ ಪಾಡು ನೋಡಿ. ಜನ ಒಳಗೆ ವಾಸ ಇರುವಾಗಲೇ ಗೋಡೆ ಒಡೆಯಬೇಕು, ಬಾಯ್ಲರ್ ಬದಲಿಸಬೇಕು. ಇವತ್ತು ಸಡಿಲ ನಿಯಮದಲ್ಲಿ ಅನುಮತಿ ಪಡೆಯುವ ಕಟ್ಟಡ ಇನ್ನು 20 ವರ್ಷಕ್ಕೆ ನಿಮ್ಮ ಈ ‘ಹಳೆಯವು’ ಪಟ್ಟಿಗೆ ಸೇರುತ್ತದೆ. ನಾನೇ ಸಹಿ ಹಾಕಿದ ಎಷ್ಟೋ ಕಟ್ಟಡಗಳು ಆಗಲೇ ಸೇರಿವೆ.

ಮೇಲ್ಮಹಡಿ

ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಅಂಕಿ ಇನ್ನೂ ಬಿಗಿಯಾಗಲಿ ಅಂತ ಮಾತ್ರ ಕೇಳಬೇಕು ಅಂದುಕೊಂಡಿದ್ದೆ. ಈಗ ಅನ್ನಿಸುವುದು, ಅಂಕಿ ಮಧ್ಯಮ ಇದ್ದರೂ ಪರವಾಗಿಲ್ಲ, ವಾಸಕ್ಕೆ ಕೊಡುವ ಮೊದಲು ಅಳತೆ ಮಾಡಲೇಬೇಕು. ಅಳತೆಯ ಚೀಟಿ ಕೊಳ್ಳುವವರ, ಬಾಡಿಗೆಗೆ ಬರುವವರ ಕೈಗೆ ಸಿಗಬೇಕು. ನಾನು ಮನೆ ನೋಡಲು ಹೋದಾಗ ಟೈಲ್ಸ್ ಯಾವುದು, ನಲ್ಲಿ ಯಾವುದು ಅಂತ ಅರ್ಧ ಗಂಟೆ ಕೇಳಿದ್ದೇನೆ. ಗೋಡೆ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಬಾಡಿಗೆಮನೆ

ಚೀಟಿ ಬೇಕೇ ಬೇಕು. ಯುರೋಪಿನ ಒಕ್ಕೂಟದ ದೇಶಗಳಲ್ಲಿ ಮನೆ ಬಾಡಿಗೆಗೆ ಕೊಡುವಾಗ ಇಂಧನ ಪ್ರಮಾಣಪತ್ರ ತೋರಿಸಬೇಕು, ಜಾಹೀರಾತಿನಲ್ಲೂ ದರ್ಜೆ ಹಾಕಬೇಕು. ನಮ್ಮಲ್ಲಿ ಫ್ರಿಜ್ ಮೇಲೆ ಸ್ಟಾರ್ ಇರುತ್ತದೆ. ಫ್ರಿಜ್ ಇಡುವ ಮನೆಗೆ ಮಾತ್ರ ಅಂಥದ್ದು ಕಡ್ಡಾಯ ಅಲ್ಲ.

ಅರ್ಧಲೆಕ್ಕ

ಅಳತೆ ಮಾಡಿ ಕಾಗದ ಕೊಡುವುದಾದರೆ ನನ್ನ ಓಟೂ ಇದೆ. ಅಳೆಯುವವರಿಗೆ ದುಡ್ಡು ಕೊಡುವುದು ಕಟ್ಟಿದವರಾಗಬಾರದು, ಅಷ್ಟೇ ಷರತ್ತು. ಇಲ್ಲದಿದ್ದರೆ ಸೋರುವ ಗಾಳಿಯವರು ಕಂಡ ದಪ್ಪ ಕಾಗದದ ಪ್ರಮಾಣಪತ್ರವೇ ಮತ್ತೆ.

ಗಾರೆಕರಣೆ

ಸೋರುವ ಗಾಳಿಯವರೇ, ಒಂದು ಕಟ್ಟಡ ಮುಗಿಯುತ್ತಾ ಬಂದಿದೆ. ಕೊನೆಯ ಮಹಡಿಯ ಒಂದು ಮನೆಗೆ ಬಣ್ಣ ಇನ್ನೂ ಆಗಿಲ್ಲ. ನಿಮ್ಮ ಫ್ಯಾನ್ ತಂದು ಹಾಕಿ ನೋಡಿ. ನಿಮ್ಮ ಫೀಸು ನಾನೇ ಕೊಡುತ್ತೇನೆ. ಅರ್ಧಲೆಕ್ಕದವರು ಕ್ಷಮಿಸಬೇಕು, ಈ ಸಲಕ್ಕೆ ಬೇರೆ ದಾರಿ ಇಲ್ಲ. ಅಂಕಿ ಎಷ್ಟು ಬಂದರೂ ಇಲ್ಲೇ ಹಾಕುತ್ತೇನೆ. 9 ದಾಟಿದರೆ ನಗಬೇಡಿ. ಬಾಗಿಲು ಎಷ್ಟು ಅಗಲ ಇರಬೇಕು?

ಸೋರುವ_ಗಾಳಿ

ಅಗಲದ ಚಿಂತೆ ಬೇಡ, ಚೌಕಟ್ಟು ಹಿಗ್ಗಿಸಿ ಕೂರಿಸಬಹುದು. ಬಣ್ಣ ಆಗದಿರುವುದೇ ಒಳ್ಳೆಯದು, ತೂತು ಸಿಕ್ಕರೆ ಅಲ್ಲೇ ಮುಚ್ಚಬಹುದು. ಕಿಟಕಿಗಳ ಚಿಲಕ ಹಾಕಿರಲಿ, ಒಳಗಿನ ಬಾಗಿಲುಗಳೆಲ್ಲ ತೆರೆದಿರಲಿ. ನೆಲ ಗುಡಿಸಿಟ್ಟಿರಿ, ಇಲ್ಲದಿದ್ದರೆ ಸಿಮೆಂಟ್ ಧೂಳೆಲ್ಲ ನನ್ನ ಮುಖಕ್ಕೆ. ಆಮೇಲೆ ಬಚ್ಚಲು, ಸಿಂಕಿನ ಕೆಳಗೆ ನೀರು ನಿಲ್ಲುವ ಬಾಗು ಕೊಳವೆಗಳಿಗೆಲ್ಲ (ಟ್ರ್ಯಾಪು) ಒಂದೊಂದು ಬಕೆಟ್ ನೀರು ಸುರಿಸಿಡಿ. ಹೊಸ ಮನೆಯಲ್ಲಿ ಅವು ಒಣಗಿರುತ್ತವೆ, ಗಾಳಿ ಅಲ್ಲಿಂದಲೇ ನುಗ್ಗಿ ನಿಮ್ಮ ಅಂಕಿ ಕೆಡಿಸುತ್ತದೆ.

ಪ್ಲಂಬರನ್ನೂ ಗಾರೆಯವನನ್ನೂ ಅವತ್ತು ಒಟ್ಟಿಗೇ ಕರೆಸಿ.